ಕರೆ-ಮೀಮಾಂಸೆ: ಅರ್ಧ ಅಂಗಡಿ, ಅರ್ಧ ಸಂಸಾರದ ಮೊಬೈಲ್ ಕುರಿತು ಶಾಸ್ತ್ರೀಯ ಜಿಜ್ಞಾಸೆ

ಬೀದರ್ ಸೀಮೆಯ ಸ್ವಂತ ದಂಧೆಯವನ ಕಿಸೆಯಲ್ಲಿರುವ ಮೊಬೈಲಿನ ತಾತ್ವಿಕ ಸ್ವರೂಪವೇನು? ತೆರಿಗೆಶಾಸ್ತ್ರ ನಿರ್ಣಯಿಸಿರುವುದು ಅದು ಏನಲ್ಲ ಎಂಬುದನ್ನು ಮಾತ್ರ. ಫೆಡರಲ್ ಬ್ಯಾಂಕ್ ಪ್ರಕರಣದಲ್ಲಿ ಕೇರಳ ಹೈಕೋರ್ಟ್, ಮೊಬೈಲು ಕಂಪ್ಯೂಟರ್ ಅಲ್ಲ ಎಂದಿತು. ಹಾಗಾಗಿ ಗಿರಣಿಯ ಯಂತ್ರಕ್ಕೆ ಸಿಗುವ ಶೇ. 15ರ ಸವಕಳಿಯೇ ಅದಕ್ಕೂ. ‘ನೇತಿ ನೇತಿ’ ಎನ್ನುತ್ತಲೇ ಬ್ರಹ್ಮವನ್ನು ಅರಸಿದ ನಾಡಿಗೆ ಇದು ಹೊಸದಲ್ಲ.

1961ರ ಆದಾಯ ತೆರಿಗೆ ಕಾಯ್ದೆಯ ಕಲಂ 37(1) ಮೂಲಸೂತ್ರ: ಖರ್ಚು ಪೂರ್ತಿಯಾಗಿ, ವ್ಯಾಪಾರಕ್ಕೆಂದೇ ಆಗಿರತಕ್ಕದ್ದು. ಕಲಂ 38(2) ಅದರ ವಾರ್ತಿಕ: ಯಂತ್ರ ಮನೆಗೂ ದುಡಿದರೆ ‘ನ್ಯಾಯವಾದ ಪಾಲು’ ಎಷ್ಟೆಂದು ಅಧಿಕಾರಿ ತೀರ್ಮಾನಿಸಬಹುದು. ಫೋನ್ ಖರ್ಚಿನಲ್ಲಿ ಅಂದಾಜಿನ ಮೇಲೆ ಐದನೇ ಒಂದು ಪಾಲು ಕತ್ತರಿಸುವುದು, ಮೇಲ್ಮನವಿಯಲ್ಲಿ ನ್ಯಾಯಮಂಡಳಿ ಅದನ್ನು ಹತ್ತನೇ ಒಂದಕ್ಕೆ ಇಳಿಸುವುದು ದೇಶದ ತುಂಬ ಕಾಣುವ ಭಾಷ್ಯಸಂಪ್ರದಾಯ. ಐದೇ ಯಾಕೆ, ಹತ್ತೇ ಯಾಕೆ ಎಂದು ಕೇಳುವವನು ನಾಸ್ತಿಕ.

ಭಾಲ್ಕಿಯ ಬಟ್ಟೆ ಅಂಗಡಿಯವನು, ಬೀದರ್ ನಗರದಲ್ಲಿ ಬಿದರಿ ಹೂದಾನಿಯ ಫೋಟೊ ವಾಟ್ಸ್ಯಾಪಿನಲ್ಲಿ ಕಳಿಸಿ ಆರ್ಡರ್ ಹಿಡಿಯುವ ಕುಶಲಕರ್ಮಿ, ಇಬ್ಬರೂ ಈ ಜಿಜ್ಞಾಸೆಯಿಂದ ಪಾರಾಗಬಲ್ಲರು. ಅದೇ 1961ರ ಕಾಯ್ದೆಯ ಕಲಂ 44ಎಡಿ ಪ್ರಕಾರ ವಹಿವಾಟಿನ ಶೇ. 8, ಬ್ಯಾಂಕು-ಯುಪಿಐ ಮೂಲಕ ಬಂದದ್ದಕ್ಕೆ ಶೇ. 6 ಲಾಭವೆಂದು ತೋರಿಸಿದರೆ ಮುಗಿಯಿತು. ಫೋನಿನ ಲೆಕ್ಕ ಯಾರೂ ಕೇಳರು. ಆದರೆ ಕಮಿಷನ್ ಮೇಲೆ ಬದುಕುವವರಿಗೆ ಆ ಬಾಗಿಲು ಮುಚ್ಚಿದೆ. ಆದ್ದರಿಂದ ನಮ್ಮ ಅಧ್ಯಯನವಸ್ತು ಔರಾದಿನ ಅಡತಿ ವ್ಯಾಪಾರಿ.

ಅವನ ಕರೆಗಳು ಪಂಚವಿಧ: ವಾಣಿಜ್ಯೋದ್ಭವ, ಕೌಟುಂಬಿಕ, ವಾಣಿಜ್ಯಗರ್ಭಿತ ಕೌಟುಂಬಿಕ, ಕೌಟುಂಬಿಕಗರ್ಭಿತ ವಾಣಿಜ್ಯ...

“ಕಾಕಾ, ಸೋಯಾಬೀನ್ ರೇಟ್ ಏನದರಿ ಇವತ್ತ?”

“ಹೇಳ್ತೀನಿ ತಡಿ. ಅವ್ವಗ ಆರಾಮ ಆಯ್ತೇನಪಾ? ತಂಗಿ ಲಗ್ನ ಎಲ್ಲಿಗಿ ಬಂತು?”

ಇದು ಯಾವ ವಿಧ? ಐದನೆಯದರ ಹೆಸರು ಹಾಗಿರಲಿ, ಉಳಿದ ನಾಲ್ಕೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಅನ್‌ಲಿಮಿಟೆಡ್ ರೀಚಾರ್ಜಿನಲ್ಲಿ ಅವ್ವನ ಆರೋಗ್ಯ ಕೇಳಲು ಒಂದು ಪೈಸೆಯೂ ಹೆಚ್ಚಿಗೆ ತಗಲುವುದಿಲ್ಲ. ತಗಲದ ಖರ್ಚಿನಲ್ಲಿ ಐದನೇ ಒಂದು ಪಾಲು ಕತ್ತರಿಸುವ ಗಣಿತ ಭಾಸ್ಕರಾಚಾರ್ಯರಿಗೂ ಹೊಳೆದಿರಲಾರದು. 28 ದಿನಕ್ಕೊಂದು ರೀಚಾರ್ಜ್ ಎಂದರೆ ವರ್ಷಕ್ಕೆ ಹದಿಮೂರು ‘ತಿಂಗಳು’. ಬಿಲ್ ಎಲ್ಲಿ ಎಂದರೆ ಒಂದು ಎಸ್ಸೆಮ್ಮೆಸ್ಸು; ಅದೂ ಸಾಲದ ಜಾಹೀರಾತುಗಳ ರಾಶಿಯಡಿ.

ಇಷ್ಟರಮಟ್ಟಿಗೆ ನಗಬಹುದು. ಸಯಾಜಿ ಐರನ್ ಪ್ರಕರಣ ಓದಿದ ಮೇಲೆ ಆಗುವುದಿಲ್ಲ. ಅಲ್ಲಿ ಕಂಪನಿಯ ಕಾರನ್ನು ನಿರ್ದೇಶಕರು ಬಳಸಿದ ಪ್ರಶ್ನೆ. ಕಂಪನಿ ಮನುಷ್ಯನಲ್ಲ, ಅದಕ್ಕೆ ಸ್ವಂತ ಬಳಕೆಯೆಂಬುದೇ ಇರದು ಎಂದಿತು ಗುಜರಾತ್ ಹೈಕೋರ್ಟ್, ಕತ್ತರಿ ಬೀಳಲಿಲ್ಲ. ತರ್ಕ ಸರಿಯೇ. ಹಾಗಾದರೆ ಔರಾದಿನವನ ತಪ್ಪೇನು? ಅವನಿಗೆ ಹೆಂಡತಿ ಮಕ್ಕಳಿದ್ದಾರೆ, ಅಷ್ಟೇ. ಹೆಸರಿನ ಮುಂದೆ ‘ಪ್ರೈವೇಟ್ ಲಿಮಿಟೆಡ್’ ಬರೆಸಿಕೊಂಡಿದ್ದರೆ ಅದೇ ಫೋನು, ಅದೇ ಮಾತು ಪೂರ್ತಿ ವ್ಯಾಪಾರವಾಗುತ್ತಿತ್ತು. 2025ರಲ್ಲಿ ಇಡೀ ಕಾಯ್ದೆಯನ್ನು ಹೊಸದಾಗಿ ಬರೆದರು, ಕಲಂಗಳ ಸಂಖ್ಯೆ ಬದಲಾಯಿತು, ಈ ಭೇದವಲ್ಲ.

ಅಧಿಕಾರಿಗೆ ತಿಳಿಯದ್ದು ಒಂದಿದೆ. ಔರಾದಿನಲ್ಲಿ ಅವ್ವನ ಆರಾಮ ಕೇಳುವುದೇ ದಂಧೆ. ಕೇಳದಿದ್ದರೆ ಆ ರೈತ ಮುಂದಿನ ಸುಗ್ಗಿಗೆ ತನ್ನ ಚೀಲಗಳನ್ನು ಬೇರೆ ಅಡತಿಗೆ ಹೊತ್ತೊಯ್ಯುತ್ತಾನೆ. ಗಡಿ ದಾಟಿದರೆ ದೇಗಲೂರಿನಲ್ಲೂ ಪೇಟೆಯಿದೆ.