ಬ್ಲಫ್ ಪ್ರಾಂತದ ಗೃಹಾನ್ವೇಷಣ ಮೀಮಾಂಸೆ

ಗೃಹಸ್ಥನ ಲಕ್ಷಣವನ್ನು ಹೇಳಿದ ಶಾಸ್ತ್ರಕಾರರೆಲ್ಲರೂ ಅವನಿಗೆ ಗೃಹವೊಂದು ಇದ್ದೇ ಇರುವುದೆಂದು ಮೊದಲೇ ಭಾವಿಸಿಕೊಂಡು ಮುಂದಕ್ಕೆ ಹೋಗಿಬಿಟ್ಟಿರುವುದರಿಂದ, ಮದುವೆಯಾಗಿ ಎರಡು ವರ್ಷ ಕಳೆದು, ಒಲೆ, ಮಂಚ, ಬೀರು ಇತ್ಯಾದಿ ಯಾವತ್ತನ್ನೂ ಸಂಪಾದಿಸಿಯೂ ಅವುಗಳನ್ನು ಇಡತಕ್ಕ ನಾಲ್ಕು ಗೋಡೆಗಳನ್ನು ಮಾತ್ರ ಇನ್ನೂ ಹುಡುಕುತ್ತಿರುವವನನ್ನು ಯಾವ ಆಶ್ರಮಕ್ಕೆ ಸೇರಿಸಬೇಕೆಂಬ ಪ್ರಶ್ನೆಯು ಇದುವರೆಗೆ ಅನಾಥವಾಗಿಯೇ ಉಳಿದಿದೆ. ಬ್ರಹ್ಮಚಾರಿಯೆನ್ನೋಣವೆಂದರೆ ತಾಳಿ ಕಟ್ಟಿಸಿಕೊಂಡವಳು ಪಕ್ಕದಲ್ಲಿಯೇ ನಿಂತಿದ್ದಾಳೆ. ವಾನಪ್ರಸ್ಥನೆನ್ನೋಣವೆಂದರೆ ವನಗಳಲ್ಲಿಯೂ ಈಗ ಸೈಟು ಹಾಕಿ ಮಾರುತ್ತಾರೆ. ಈ ಕೊರತೆಯನ್ನು ತುಂಬುವ ಉದ್ದೇಶದಿಂದ, ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾಗಿದ್ದು ನಿವೃತ್ತನಾಗಿ ಬೆಳಕವಾಡಿಯಲ್ಲಿ ನೆಲಸಿರುವ ನಾನು, ನನ್ನ ಅಣ್ಣನ ಮಗನನ್ನೂ ಅವನ ಹೆಂಡತಿಯನ್ನೂ ಜ್ಯೇಷ್ಠದಿಂದ ಮೊದಲ್ಗೊಂಡು ಸತತವಾಗಿ ಪರಿವೀಕ್ಷಿಸಿ ಈ ಕಿರುಗ್ರಂಥವನ್ನು ರಚಿಸಿರುತ್ತೇನೆ. ಪರಿವೀಕ್ಷಣೆಗೆ ಅನುಕೂಲವಾದದ್ದು ಅವರು ನನ್ನ ಮನೆಯಲ್ಲಿಯೇ ಇರುವುದು. ಇನ್ನೂ ಖಚಿತವಾಗಿ ಹೇಳಬೇಕಾದರೆ, ನನ್ನ ಪುಸ್ತಕದ ಕೋಣೆಯಲ್ಲಿರುವುದು.

ಮೊದಲು ದೇಶನಿರ್ಣಯ. ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿ, ಕಾವೇರಿಯು ಗಗನಚುಕ್ಕಿಯಾಗಿ ಧುಮುಕುವ ಕಮರಿಯ ಮೇಲ್ದಂಡೆಯ ಊರಿಗೆ ಬ್ಲಫ್ ಎಂದು ಹೆಸರು. ಆಂಗ್ಲಭಾಷೆಯಲ್ಲಿ ಈ ಶಬ್ದಕ್ಕೆ ಕಡಿದಾದ ದಂಡೆಯೆಂಬುದೊಂದು, ಕೈಯಲ್ಲಿಲ್ಲದ್ದನ್ನು ಇದೆಯೆಂದು ತೋರಿಸಿ ಎದುರಾಳಿಯನ್ನು ನಂಬಿಸುವುದೆಂಬುದೊಂದು, ಹೀಗೆ ಎರಡು ಅರ್ಥಗಳುಂಟು. ಭೂಗೋಳದವರು ಮೊದಲನೆಯದನ್ನು ಹಿಡಿಯುತ್ತಾರೆ. ನಮ್ಮ ಶಾಸ್ತ್ರಕ್ಕೆ ಎರಡನೆಯದೇ ಗ್ರಾಹ್ಯವೆಂಬುದು ಮುಂದೆ ತಿಳಿಯುವುದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ವಿದ್ಯುದಾಗಾರವು, ಅವರು 1901ರಲ್ಲಿ ಕಾಲವಾದ ಮರುವರ್ಷ ನಡೆಯತೊಡಗಿ, ಅದರ ವಿದ್ಯುತ್ತು 147 ಕಿಲೋಮೀಟರು ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿಯನ್ನು ಸೇರಿತು. 1905ರಲ್ಲಿ ಬೆಂಗಳೂರಿನ ದೀಪಗಳನ್ನು ಹೊತ್ತಿಸಿತು. ಇದೇ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ 1974ರಿಂದೀಚೆಗೆ ಕಾವೇರಿಯ ನೀರೂ ಬೆಂಗಳೂರಿಗೆ ಏರಿಹೋಗುತ್ತಿದೆ. ಬೆಳಕು ಹೋಯಿತು, ನೀರು ಹೋಯಿತು. ಮೂರನೆಯದಾಗಿ ಇಲ್ಲಿಯ ಡಿಪ್ಲೊಮಾ ಓದಿದ ಹುಡುಗರು ಹೋಗುತ್ತಾರೆ. ಮೊದಲೆರಡು ಹಿಂದಿರುಗಿದ ಉದಾಹರಣೆಯಿಲ್ಲ. ಮೂರನೆಯದರಲ್ಲೊಂದು ಹಿಂದಿರುಗಲೆಳಸಿದುದೇ ಪ್ರಸ್ತುತ ಗ್ರಂಥಕ್ಕೆ ನಿಮಿತ್ತ.

ನಮ್ಮ ಹುಡುಗ ಹುಟ್ಟಿದ್ದು ಬ್ಲಫ್ಫಿನ ಕ್ವಾರ್ಟರ್ಸಿನಲ್ಲಿ. ಕ್ವಾರ್ಟರ್ಸಿನಲ್ಲಿ ಬೆಳೆದ ಜೀವಕ್ಕೆ ಬಾಡಿಗೆಯೆಂಬುದು ಅಪ್ಪನ ಸಂಬಳದ ಚೀಟಿಯಲ್ಲಿ ಮುರಿದುಕೊಂಡಿರುವ ಒಂದು ಸಣ್ಣ ಅಂಕಿಯೇ ಹೊರತು, ತಿಂಗಳ ಐದನೆಯ ತಾರೀಖು ಬಾಗಿಲ ಬಳಿ ಬಂದು ಕೆಮ್ಮುವ ಒಂದು ವ್ಯಕ್ತಿಯಲ್ಲ. ಅಣ್ಣನಿಗೆ ನಿವೃತ್ತಿಯಾಯಿತು, ಬೀಗದಕೈ ಒಪ್ಪಿಸಿ ಊರಿಗೆ ಹೋದ. ಹುಡುಗನು ಬಿಡದಿಯ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಎಲೆಕ್ಟ್ರಿಷಿಯನ್; ನಾಲ್ವರೊಡನೆ ಒಂದು ಕೋಣೆಯಲ್ಲಿ ವಾಸ. ಹುಡುಗಿಯು ಬ್ಲಫ್ಫಿಗೆ ಹತ್ತಿರದ ಸರ್ಕಾರಿ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಇಲ್ಲಿ ಸ್ವಲ್ಪ ನಿಂತು ಶಬ್ದಾರ್ಥವನ್ನು ನೋಡತಕ್ಕದ್ದು: ಬರುವ ತಿಥಿ ನಿಶ್ಚಯವಿಲ್ಲದವನು ಅತಿಥಿಯೆಂದು ನಮ್ಮ ಹಿರಿಯರು ವ್ಯುತ್ಪತ್ತಿ ಹೇಳಿದರು. ಅತಿಥಿ ಶಿಕ್ಷಕಿಯಾದರೋ ಪ್ರತಿದಿನವೂ ಒಂಬತ್ತೂವರೆಗೆ ಸರಿಯಾಗಿ ಬರುತ್ತಾಳೆ. ತಿಥಿ ನಿಶ್ಚಯವಿಲ್ಲದೆ ಬರುವುದು ಅವಳ ಗೌರವಧನ. ಆದಕಾರಣ ಅತಿಥಿಯೆಂಬ ವಿಶೇಷಣವು ಹಣಕ್ಕೆ ಅನ್ವಯಿಸಬೇಕಾದದ್ದು ಲಿಪಿಕಾರನ ಪ್ರಮಾದದಿಂದ ಶಿಕ್ಷಕಿಗೆ ಅಂಟಿಕೊಂಡಿದೆಯೆಂಬುದು ನನ್ನ ಪಾಠಪರಿಷ್ಕರಣ.

ಹುಡುಗನು ಬಿಡದಿಯ ಕೆಲಸವನ್ನು ಬಿಟ್ಟು ಗೆಜ್ಜಲಗೆರೆಯ ಕೈಗಾರಿಕಾ ಪ್ರದೇಶದಲ್ಲಿ ಬೇರೊಂದನ್ನು ಹಿಡಿದು, ಇಬ್ಬರೂ ಒಂದೇ ಸೂರಿನಡಿ ಇರಬೇಕೆಂದು ಸಂಕಲ್ಪಿಸಿದ ದಿನದಿಂದ ತರ್ಕಶಾಸ್ತ್ರದ ಅತ್ಯಂತ ಹಳೆಯ ದೋಷವೊಂದು ಅವರ ಕೈಚೀಲದಲ್ಲಿ ಬಂದು ಕುಳಿತಿತು. ಮನೆಯವರು ‘ಕೆಲಸ ಎಲ್ಲಿ’ ಎನ್ನುತ್ತಾರೆ. ಕೆಲಸದವರು ‘ಮನೆ ಎಲ್ಲಿ’ ಎನ್ನುತ್ತಾರೆ. ಮನೆ ಸಿದ್ಧವಾಗಬೇಕಾದರೆ ಕೆಲಸ ಸಿದ್ಧವಾಗಿರಬೇಕು, ಕೆಲಸ ಸಿದ್ಧವಾಗಬೇಕಾದರೆ ಮನೆ ಸಿದ್ಧವಾಗಿರಬೇಕು. ಇದನ್ನು ನೈಯಾಯಿಕರು ಅನ್ಯೋನ್ಯಾಶ್ರಯವೆಂದರು. ದಂಪತಿಗಳಿಗೆ ಆಶ್ರಯವೊಂದನ್ನುಳಿದು ಅನ್ಯೋನ್ಯವೆಲ್ಲವೂ ಇತ್ತು.

ಮಳವಳ್ಳಿಯಲ್ಲಿ ನೋಡಿದ ಮೊದಲನೆಯ ಮನೆಗೆ ನಾನೂ ಹೋಗಿದ್ದೆ. ಮನೆಯೊಡತಿ ಜಗಲಿಯ ಮೇಲೆ ಕುಳಿತು ಮೊರದಲ್ಲಿ ಹುರುಳಿ ಕೇರುತ್ತಿದ್ದರು.

“ಯಾವೂರಪ್ಪ?”

“ಬ್ಲಫ್ ಕಣವ್ವ.”

“ಓ, ಕರೆಂಟೂರು. ಕೆಲ್ಸ?”

“ಗೆಜ್ಜಲಗೆರೇಲಿ. ಮುಂದಿನ ತಿಂಗಳಿಂದ.”

“ಈಗ?”

“ಈಗ… ಬಿಟ್ಟಿದ್ದೀನಿ.”

ಮೊರ ನಿಂತಿತು. “ಬುಟ್ಟಿದ್ದೀಯಾ. ನೀನು ಕಣವ್ವ?”

“ಟೀಚರ್ ಅವ್ವ. ಅತಿಥಿ ಶಿಕ್ಷಕಿ.”

“ಹಂಗಂದ್ರೆ ಗೌರ್ಮೆಂಟಾ, ಅಲ್ವಾ?”

ಈ ಪ್ರಶ್ನೆಯ ಮೇಲೆ ವಿದ್ವಾಂಸರಲ್ಲಿಯೇ ಏಕಾಭಿಪ್ರಾಯವಿಲ್ಲದಿರುವುದರಿಂದ ಹುಡುಗಿ ಸುಮ್ಮನೆ ನಕ್ಕಳು. ತರುವಾಯ ಆಕೆ ಹುರುಳಿಯಲ್ಲಿದ್ದ ಕಲ್ಲೊಂದನ್ನು ಆರಿಸಿ ಎಸೆದು, “ನೀವು ಯಾವ ಜನ?” ಎಂದರು. ಕೊನೆಯಲ್ಲಿ ಕೇಳಲ್ಪಡುವ ಈ ಪ್ರಶ್ನೆಯೇ ಮೊದಲಿನಿಂದಲೂ ಮನಸ್ಸಿನಲ್ಲಿದ್ದದ್ದೆಂದು ಊಹಿಸಲು ಶಾಸ್ತ್ರಜ್ಞಾನ ಬೇಕಾಗಿಲ್ಲ. ಮಿಕ್ಕವೆಲ್ಲ ಅದಕ್ಕೆ ಹಾಸಿದ ಚಾಪೆ. ಉತ್ತರವನ್ನು ಕೇಳಿಕೊಂಡು, “ಅಳಿಯನ್ನ ಕೇಳಿ ಯೋಳ್ತೀನಿ ಬುಡಿ” ಎಂದರು. ನೋಡಿದ ಹನ್ನೊಂದು ಮನೆಗಳಲ್ಲಿ ಏಳರಲ್ಲಿ ನಿರ್ಣಯಾಧಿಕಾರವು ಹೀಗೆ ಪರೋಕ್ಷದಲ್ಲಿರುವ ಅಳಿಯನದೋ ಮಗನದೋ ಆಗಿತ್ತು. ಅವನು ಕಣ್ಣಿಗೆ ಕಾಣನು, ಫೋನಿಗೆ ಸಿಕ್ಕನು, ಆದರೂ ಸಕಲವನ್ನೂ ನಿಯಮಿಸುವನು. ವೇದಾಂತಿಗಳು ಇಂಥದೊಂದು ತತ್ತ್ವವನ್ನು ಹೇಳಿರುವರಾದರೂ ಅದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದೆಯೆಂದು ಎಲ್ಲಿಯೂ ಸೂಚಿಸಿಲ್ಲ.

ಮನೆಯನ್ನು ಅರಿಯುವ ಪ್ರಮಾಣಗಳಾವುವು? ಬ್ರೋಕರನ “ನೀರು ಇಪ್ಪತ್ತನಾಲ್ಕು ಗಂಟೆ ಸಾರ್” ಎಂಬುದು ಶಬ್ದಪ್ರಮಾಣ. ನಲ್ಲಿಯನ್ನು ತಿರುಗಿಸಿದಾಗ ಅದು ಎರಡು ಸಲ ಕೆಮ್ಮಿ, ಒಂದು ಜೇಡವನ್ನು ಹೊರಕ್ಕೆ ಕಳುಹಿಸಿ ಮೌನವಾದದ್ದು ಪ್ರತ್ಯಕ್ಷ. ಎಲ್ಲೆಲ್ಲಿ ನೀಲಿ ಡ್ರಮ್ಮೋ ಅಲ್ಲಲ್ಲಿ ನೀರಿಲ್ಲವೆಂಬ ವ್ಯಾಪ್ತಿಜ್ಞಾನದಿಂದ ಪಕ್ಕದ ಮನೆಯ ಅಂಗಳದ ಮೂರು ಡ್ರಮ್ಮುಗಳನ್ನು ಕಂಡು ಹುಡುಗಿಯು ಗೇಟಿನಲ್ಲಿಯೇ ನಿರ್ಧರಿಸಿದ್ದು ಅನುಮಾನ. “ನಿಮ್ಮ ಕ್ವಾರ್ಟರ್ಸ್ ಥರಾನೇ ಗಾಳಿ ಬೆಳಕು” ಎಂಬುದು ಉಪಮಾನ. ಗವಯವು ಗೋವಿನಂತಿರುವುದೆಂದು ಕೇಳಿ ಕಾಡಿಗೆ ಹೋದವನಿಗೆ ಕತ್ತೆ ಸಿಕ್ಕಿದ ಹಾಗಾಯಿತು. ಆದರೆ ಹುಡುಗಿಯ ಮುಖ್ಯ ಪ್ರಮಾಣವು ಇವು ಯಾವುವೂ ಅಲ್ಲ. ಅವಳ ತವರಿನವರು ಕೊಟ್ಟ ಕಬ್ಬಿಣದ ಬೀರು ಒಂದಿದೆ. ಅದರ ಅಗಲಕ್ಕೆ ಒಂದು, ಎತ್ತರಕ್ಕೆ ಒಂದು ಎಂದು ತನ್ನ ವೇಲಿನಲ್ಲಿ ಎರಡು ಗಂಟುಗಳನ್ನು ಹಾಕಿಕೊಂಡು, ಹೋದಲ್ಲೆಲ್ಲ ಮೆಟ್ಟಿಲ ತಿರುವಿನಲ್ಲಿ ನಿಂತು, ಒಂದು ತುದಿಯನ್ನು ಗಂಡನ ಕೈಗೆ ಕೊಟ್ಟು ಅಳೆಯುತ್ತಾಳೆ. ಗೇಣು, ಮೊಳ, ಮಾರುಗಳ ಸಾಲಿಗೆ ಈ ‘ವೇಲ್‌ಗಂಟ’ನ್ನೂ ಸೇರಿಸತಕ್ಕದ್ದು. ಮಹಡಿಯ ಐದು ಮನೆಗಳು ಈ ಗಂಟಿನಿಂದಲೇ ಬಿದ್ದುಹೋದುವು.

ಇನ್ನು ಶಾಸನಾಧಾರ. ಖಾಲಿ ಮನೆಗಳ ಗೇಟಿಗೆ ಕಟ್ಟಿರುವ ‘ಟು ಲೆಟ್’ ಫಲಕಗಳು ಬಿಸ್ಕತ್ತಿನ ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಿಂದ ಬರೆಯಲ್ಪಟ್ಟು, ಮಳೆಯಿಂದ ಸವೆದು, ಮೊಬೈಲ್ ಸಂಖ್ಯೆಯ ಕೊನೆಯ ಎರಡಂಕಿಗಳು ತ್ರುಟಿತವಾಗಿರುತ್ತವೆ. ಹಳೆಯ ದಾನಶಾಸನಗಳು ಧರ್ಮವನ್ನು ಕೆಡಿಸಿದವನು ಕ್ರಿಮಿಯಾಗಿ ಹುಟ್ಟಲೆಂಬ ಶಾಪದಿಂದ ಮುಗಿಯುವಂತೆ ಇವೂ “ಬ್ರೋಕರುಗಳು ಬರಕೂಡದು”, “ಸಸ್ಯಾಹಾರಿಗಳಿಗೆ ಮಾತ್ರ” ಎಂಬ ಶಾಪಾಶಯದಿಂದ ಮುಗಿಯುತ್ತವೆ. ಒಂದು ಮನೆಯವರು ನಾಯಿ ಸಾಕುವವರಿಗೆ ಮನೆಯಿಲ್ಲವೆಂದೂ ಬರೆದಿದ್ದರು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದಲ್ಲಿ ನಡೆದುದನ್ನು ಅವರು ಅರಿಯರು: ಗಂಗರ ಬೂತುಗನಿಂದ ಮನಲೆರನು ಬೇಡಿ ಪಡೆದ ಕಾಳಿಯೆಂಬ ಬೇಟೆನಾಯಿಯು ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೊಂದು ಕಲ್ಲನ್ನು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಭೂಮಿಯನ್ನೇ ಬಿಟ್ಟರು. ಒಂದು ನಾಯಿಗೆ ಕಲ್ಲೂ ಹೊಲವೂ ದೊರೆತ ಸೀಮೆಯಲ್ಲಿ ಇಂದು ಡಿಪ್ಲೊಮಾ ಒಂದು, ಬಿ.ಎಡ್. ಒಂದು ಸೇರಿದರೂ ಎರಡು ಕೋಣೆ ದೊರೆಯವು. (ಆ ಕಲ್ಲು ಕೂಡ ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆಯೆಂಬುದನ್ನು ಮೇಲೆ ಹೇಳಿದ ಬೆಳಕು, ನೀರುಗಳ ಪಟ್ಟಿಗೆ ಓದುಗರೇ ಸೇರಿಸಿಕೊಳ್ಳುವುದು.)

ಕಾಲನಿರ್ಣಯವು ಜಟಿಲ. ಪಂಚಾಂಗದ ವರ್ಷಕ್ಕೆ ಹನ್ನೆರಡು ಮಾಸ, ಅಧಿಕ ಬಂದರೆ ಹದಿಮೂರು; ಬಾಡಿಗೆದಾರನ ವರ್ಷಕ್ಕೆ ಹನ್ನೊಂದೇ. 1908ರ ನೋಂದಣಿ ಕಾಯಿದೆಯ ಪ್ರಕಾರ ವರ್ಷಕ್ಕೆ ಮೀರಿದ ಅವಧಿಯ ಕರಾರನ್ನು ನೋಂದಾಯಿಸಲೇಬೇಕಾದ್ದರಿಂದ, ಆ ಖರ್ಚನ್ನೂ ತೊಡಕನ್ನೂ ತಪ್ಪಿಸಲು ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಯುತ್ತಾರೆ. ಅತಿಥಿ ಶಿಕ್ಷಕಿಯ ವರ್ಷವಾದರೋ ಶಾಲೆಯ ವರ್ಷದೊಡನೆ ಮುಗಿದು ಬೇಸಿಗೆಯಲ್ಲಿ ಆರಿಹೋಗುತ್ತದೆ. ಹುಡುಗನ ನೋಟೀಸ್ ಅವಧಿ ಒಂದು ತಿಂಗಳು. ಅದು ಮುಗಿದದ್ದು ನಡು ಆಷಾಢದಲ್ಲಿ. ಆಷಾಢದಲ್ಲಿ ಮನೆಗಳು ಖಾಲಿಯಾಗಿಯೇ ಬಿದ್ದಿರುತ್ತವೆ, ಹಾಲುಕ್ಕಿಸುವವರಿಲ್ಲ. ಶ್ರಾವಣ ಬಂದೊಡನೆ ಹಾಲುಕ್ಕಿಸಬಹುದು, ಮನೆಗಳಿರುವುದಿಲ್ಲ.

ದೇವರ ವಿಷಯವನ್ನು ನೋಡಿದರೆ ಮನುಷ್ಯನಿಗೆ ಅಸೂಯೆಯಾಗದಿರದು. ಕಾವೇರಿಯುದ್ದಕ್ಕೂ ರಂಗನಾಥನಿಗೆ ಶ್ರೀರಂಗಪಟ್ಟಣದಲ್ಲಿ ಆದಿರಂಗ, ನಮ್ಮ ಶಿವನಸಮುದ್ರದ ನಡುಗಡ್ಡೆಯಲ್ಲಿ ಮಧ್ಯರಂಗ, ಕೆಳಗೆ ಶ್ರೀರಂಗದಲ್ಲಿ ಅಂತ್ಯರಂಗ, ಹೀಗೆ ಮೂರು ಮನೆಗಳು. ಮೂರರಲ್ಲಿಯೂ ಮಲಗಿಯೇ ಇದ್ದಾನೆ, ಯಾರೂ ಕೆಲಸವೆಲ್ಲೆಂದು ಕೇಳಿಲ್ಲ. ಹಾಸಿಗೆಯು ಹಾವಾದ್ದರಿಂದ ಯಾವ ತಿರುವಿನಲ್ಲಿಯೂ ತಿರುಗುತ್ತದೆ.

ಸ್ಥಳದ ಆಯ್ಕೆಯಲ್ಲಿ ನಿರ್ಣಾಯಕವಾದದ್ದು ಅರ್ಥಶಾಸ್ತ್ರ. ಗೆಜ್ಜಲಗೆರೆಗೆ ಹತ್ತಿರ ಮದ್ದೂರು, ಶಾಲೆಗೆ ಹತ್ತಿರ ಬ್ಲಫ್, ನಡುವೆ ಮಳವಳ್ಳಿ. ಮಳವಳ್ಳಿಗೆ ರೈಲಿಲ್ಲ, ಇರುವುದು ಬಸ್ಸು. 2023ರ ಜೂನ್ 11ರಿಂದ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲದಿರುವ ಯೋಜನೆಗೆ ಶಕ್ತಿಯೆಂದು ಹೆಸರಿಟ್ಟವರು ಶಾಕ್ತಾಗಮವನ್ನು ಬಲ್ಲವರಿರಬೇಕು; ಶಕ್ತಿಯ ಸಂಗಡವಿಲ್ಲದೆ ಶಿವನು ಅಲುಗಲಾರನೆಂಬ ಸಿದ್ಧಾಂತವು ಶಿವನಸಮುದ್ರದ ಬಸ್‌ಸ್ಟಾಪಿನಲ್ಲಿ ಅಕ್ಷರಶಃ ನಿಜವಾಗಿದೆ. ಹುಡುಗಿ ಎಷ್ಟು ದೂರ ಓಡಾಡಿದರೂ ಸೊನ್ನೆ, ಹುಡುಗ ಹತ್ತಿದೊಡನೆ ದುಡ್ಡು. ಆದ್ದರಿಂದ ಮನೆಯು ಯಾವಾಗಲೂ ಗಂಡನ ಕೆಲಸಕ್ಕೆ ಹತ್ತಿರವಿರಬೇಕೆಂಬ ಸೂತ್ರವು ಲೆಕ್ಕದಿಂದ ಹೊರಡುತ್ತದೆ. “ಲೆಕ್ಕ ಸರಿ ಮಾವ, ಆದರೆ ಮದ್ದೂರಿಂದ ಬ್ಲಫ್‌ವರೆಗೂ ನಿಂತುಕೊಂಡು ಬರೋಳು ನಾನು” ಎಂದು ಹುಡುಗಿ ಆಕ್ಷೇಪಿಸಿದಳು. ಸೂತ್ರಗಳಲ್ಲಿ ಸೀಟಿನ ವಿಚಾರ ಬರುವುದಿಲ್ಲವೆಂದು ನಾನು ಸಮಾಧಾನ ಹೇಳಿದೆ. ಕೊನೆಗೆ ಇಬ್ಬರಿಗೂ ಅರ್ಧರ್ಧ ಕಷ್ಟವಾಗುವಂತೆ ಮಳವಳ್ಳಿಯೇ ಇರಲೆಂದಾಯಿತು.

ಸತ್ಯ ಹೇಳುತ್ತಲೇ ಹನ್ನೊಂದು ಮನೆ ಕಳೆದುಕೊಂಡ ಮೇಲೆ ಹುಡುಗನು ತನ್ನ ಜನ್ಮಸ್ಥಳದ ಎರಡನೆಯ ಅರ್ಥವನ್ನು ಆಶ್ರಯಿಸಿದನು. ಗೆಜ್ಜಲಗೆರೆಯವರು ಮನೆಯೆಲ್ಲಿ ಎಂದು ಕೇಳಿದಾಗ, ಬೆಳಕವಾಡಿಯೆಂದರೆ ದೂರವೆಂದಾರೆಂದು ಹೆದರಿ, “ಮದ್ದೂರಲ್ಲೇ ಸಾರ್, ಟೌನಲ್ಲೇ” ಎಂದನು. ಕೆಲಸವಾಯಿತು. ಮಳವಳ್ಳಿಯ ಹನ್ನೆರಡನೆಯ ಮನೆಯವರು ಕೆಲಸವೆಷ್ಟು ದಿನದಿಂದ ಎಂದಾಗ “ಎರಡು ವರ್ಷದಿಂದ” ಎಂದನು. ಮನೆಯೂ ಆಯಿತು. ನೆಲಮಾಳಿಗೆಯಲ್ಲ, ಮಹಡಿಯಲ್ಲ, ನೆಲದ ಮೇಲಿನ ಮನೆ. ಬೀರು ನೇರವಾಗಿ ನಡೆದುಹೋಗುವಂಥ ಬಾಗಿಲು. ಮೀಟರಿನ ಆರ್.ಆರ್. ನಂಬರಿಗೆ ಹಿಂದಿನ ಬಾಡಿಗೆದಾರನ ಆಧಾರ್ ಇನ್ನೂ ಅಂಟಿಕೊಂಡಿದ್ದು, ಆ ಪ್ರೇತವು ಬಿಡುವವರೆಗೂ 200 ಯೂನಿಟ್ಟಿನವರೆಗಿನ ಗೃಹಜ್ಯೋತಿಯ ಉಚಿತ ವಿದ್ಯುತ್ತು ಇವರಿಗೆ ದೊರೆಯದೆಂಬುದೊಂದೇ ಕೊರತೆ. ಕರೆಂಟಿನ ಊರಿನಲ್ಲಿ ಹುಟ್ಟಿದವನಿಗೆ ಕರೆಂಟಿನ ಋಣವೇ ಇಲ್ಲವೆಂದು ಹೇಳಿ ಅವನು ನಕ್ಕನು. ಐದು ಸಾವಿರ ಟೋಕನ್ ಕೊಟ್ಟು, ಮದ್ದೂರು ವಡೆ ಕಟ್ಟಿಸಿಕೊಂಡು ಇಬ್ಬರೂ ಮನೆಗೆ ಬಂದರು. ಅಂದು ರಾತ್ರಿ ನಾನು ಈ ಗ್ರಂಥದ ಉಪಸಂಹಾರವನ್ನು ಬರೆದಿಟ್ಟು ಮಲಗಿದೆನು.

ಮೂರನೆಯ ದಿನ ಕಾರ್ಖಾನೆಯಿಂದ ಫೋನು ಬಂತು. ಅವನ ಮಾತನ್ನು ಅವರು ಸಂಪೂರ್ಣವಾಗಿ ನಂಬಿದ್ದರು. ಮೊದಲನೆಯ ಪಾಳಿ, ಬೆಳಗಿನ ಐದೂವರೆಗೆ ಕಂಪನಿಯ ಬಸ್ಸು ಮದ್ದೂರು ಟೌನಿನಲ್ಲಿ ಹತ್ತಿಸಿಕೊಳ್ಳುವುದು, ಮನೆ ಅಲ್ಲಿಯೇ ಇರುವುದರಿಂದ ತೊಂದರೆಯೇನೂ ಇಲ್ಲವಷ್ಟೆ? “ಇಲ್ಲ ಸಾರ್” ಎಂದು ಹೇಳಿ ಹುಡುಗ ಫೋನಿಟ್ಟನು. ಆ ಹೊತ್ತಿಗೆ ಮಳವಳ್ಳಿಯಿಂದ ಹೊರಟು ಮದ್ದೂರು ಮುಟ್ಟಿಸುವ ಬಸ್ಸು ಯಾವುದೆಂದು ಹುಡುಗಿ ನನ್ನನ್ನು ಕೇಳಿದಳು. ನಾನು ಉಪಸಂಹಾರದ ಹಾಳೆಯನ್ನು ಹರಿದು ಅವಳಿಗೆ ಲೆಕ್ಕ ಹಾಕಲು ಕೊಟ್ಟೆನು. ಟೋಕನ್ ಹಿಂದಕ್ಕೆ ಬರಲಿಲ್ಲ.

ಆದಕಾರಣ ಓದುಗರಲ್ಲಿ ವಿಜ್ಞಾಪನೆ. ಮದ್ದೂರಿನಲ್ಲಿ, ಬಸ್‌ಸ್ಟಾಂಡಿಗೆ ಸಮೀಪವಾಗಿ, ಎರಡು ಕೋಣೆಯ ಮನೆಯೊಂದು ಖಾಲಿಯಿರುವುದು ಯಾರ ಗಮನಕ್ಕಾದರೂ ಬಂದಿದ್ದರೆ ದಯಮಾಡಿ ತಿಳಿಸತಕ್ಕದ್ದು. ಬಾಗಿಲು ಯಾವ ದಿಕ್ಕಿಗಿದ್ದರೂ ಚಿಂತೆಯಿಲ್ಲ, ನೀರು ದಿನ ಬಿಟ್ಟು ದಿನ ಬಂದರೂ ಆದೀತು, ಅಳಿಯನನ್ನು ಕೇಳಿ ಹೇಳುವುದಾದರೂ ಕಾಯುತ್ತೇವೆ. ಮೆಟ್ಟಿಲಿದ್ದರೆ ತಿರುವು ಮಾತ್ರ ಇರಬಾರದು. ಬೀರು ನನ್ನ ನಿಘಂಟುಗಳ ಕಪಾಟಿಗೆ ಅಡ್ಡವಾಗಿ ನಿಂತು ಇಂದಿಗೆ ಎಂಬತ್ತನಾಲ್ಕು ದಿನವಾಯಿತು.