ಮಡಿಲುಗಣಕ ಲಕ್ಷಣ ಮೀಮಾಂಸೆ

1. ಪೀಠಿಕೆ

ಎತ್ತು ಕೊಳ್ಳುವುದಕ್ಕೆ ನಮ್ಮಲ್ಲಿ ಶಾಸ್ತ್ರವಿದೆ. ಹಲ್ಲು ಎಣಿಸಬೇಕು, ಸುಳಿ ನೋಡಬೇಕು, ನಾಲ್ಕು ಹೆಜ್ಜೆ ನಡೆಸಬೇಕು, ಕೊನೆಗೆ ಟವಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸಬೇಕು. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತವರೆಲ್ಲ ಈ ಶಾಸ್ತ್ರದಲ್ಲಿ ಪಾರಂಗತರು. ಆದರೆ 2003ರ ಜನವರಿಯಲ್ಲಿ ಬಿಡುಗಡೆಯಾದ ‘ಸಿಮ್‌ಸಿಟಿ 4’ ಎಂಬ ನಗರ ಕಟ್ಟುವ ಆಟವನ್ನು ತಡವರಿಸದೆ ಓಡಿಸಬಲ್ಲ ಲ್ಯಾಪ್‌ಟಾಪ್ ಆರಿಸುವುದು ಹೇಗೆಂದು ಹೇಳುವ ಲಕ್ಷಣಗ್ರಂಥ ಕನ್ನಡದಲ್ಲಿ ಪ್ರಬಂಧಕಾರನ ಕಣ್ಣಿಗೆ ಬಿದ್ದಿಲ್ಲ. ಈ ಕೊರತೆ ನೀಗಿಸುವ ಭಾರವನ್ನು, ಯಾರೂ ಹೊರಿಸದಿದ್ದರೂ, ಆತ ತಾನೇ ಹೊತ್ತಿದ್ದಾನೆ.

ಮೊದಲು ಪದವಿಚಾರ. ‘ಲ್ಯಾಪು’ ಎಂದರೆ ಮಡಿಲು, ಆದ್ದರಿಂದ ಇದು ಮಡಿಲುಗಣಕ. ವ್ಯಾಕರಣದ ಪ್ರಕಾರ ಇದು ರೂಢನಾಮವೇ ಹೊರತು ಅನ್ವರ್ಥನಾಮವಲ್ಲ. ಆಟ ಶುರುವಾದ ಹತ್ತು ನಿಮಿಷಕ್ಕೆ ಯಾವ ಮಡಿಲೂ ಅದನ್ನು ಸಹಿಸದು.

2. ಪೂರ್ವಪಕ್ಷ

ಈ ವಿಷಯದಲ್ಲಿ ಮೂರು ಪಂಥಗಳಿವೆ: ಬಹುಕೋರವಾದಿಗಳು, ರ‍್ಯಾಮವಾದಿಗಳು, ಗ್ರಾಫಿಕ್ಸ್‌ವಾದಿಗಳು. ಮೂವರ ಮೂಲಮಠವೂ ಬೆಂಗಳೂರಿನ ಎಸ್.ಪಿ. ರೋಡ್. ಅಲ್ಲಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನಡೆದ ವಾಕ್ಯಾರ್ಥವನ್ನು ಯಥಾವತ್ತಾಗಿ ಕೊಡಲಾಗಿದೆ.

‘ಏನ್ ಕೆಲಸಕ್ಕೆ ಸಾರ್?’

‘ಊರು ಕಟ್ಟೋದಕ್ಕೆ.’

‘ಆಟೋಕ್ಯಾಡಾ?’

‘ಅಲ್ಲಪ್ಪ, ಬರೀ ಆಟ.’

‘ಗೇಮಿಂಗಾ! ಹಂಗಾದ್ರೆ ಎಂಟು ಕೋರ್, ಹದಿನಾರು ಜಿಬಿ, ಬೇರೆ ಗ್ರಾಫಿಕ್ಸ್ ಕಾರ್ಡು, ಕೀಬೋರ್ಡಿಗೆ ಬಣ್ಣಬಣ್ಣದ ಲೈಟು. ನೀರು ಕುಡಿದಂಗೆ ಓಡುತ್ತೆ. ಆಟ ಯಾವ ವರ್ಷದ್ದು?’

‘2003.’

ಹುಡುಗ ಒಂದು ಗಳಿಗೆ ಸುಮ್ಮನಾದ. ‘ನಾನು ಹುಟ್ಟಿದ ವರ್ಷ ಸಾರ್’ ಎಂದ.

3. ಖಂಡನೆ

ಆಟ ಕೇಳುವ ಕನಿಷ್ಠ ಸಾಮಗ್ರಿ 500 ಮೆಗಾಹರ್ಟ್ಸ್ ಪೆಂಟಿಯಂ 3 ಮತ್ತು 128 ಎಂಬಿ ರ‍್ಯಾಮ್. 8 ಜಿಬಿಯ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಇದರ 64 ಪಟ್ಟು ರ‍್ಯಾಮ್ ಇದೆ, ಅಂದರೆ ವಿದ್ಯೆಗೊಂದು ಪಾಲು. ಆದರೂ ನಗರ ಬೆಳೆದಂತೆ ಆಟ ಮುಗ್ಗರಿಸುತ್ತದೆ. ಕಾರಣ, ಮನೆಯ ಕಂಪ್ಯೂಟರಿಗೆ ಒಂದೇ ಕೋರ್ ಇದ್ದ ಕಾಲದ ಸೃಷ್ಟಿ ಇದು. ರಸ್ತೆ, ನೀರು, ಕಂದಾಯ, ಕಳ್ಳತನ ಎಲ್ಲದರ ಲೆಕ್ಕವನ್ನೂ ಒಂದೇ ಕೋರಿನ ಮೇಲೆ ಹೇರುತ್ತದೆ. ಎಂಟು ಕೋರ್ ಕೊಟ್ಟರೆ ಒಂದು ಉಳುತ್ತದೆ, ಏಳು ಬದುವಿನ ಮೇಲೆ ನಿಂತು ಮೆಲುಕು ಹಾಕುತ್ತವೆ. ಕೆಲವೊಮ್ಮೆ ಅಷ್ಟೊಂದು ಕೋರ್ ಕಂಡು ಕಕ್ಕಾಬಿಕ್ಕಿಯಾಗಿ ಆಟವೇ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಬಲ್ಲವರು ಶಾರ್ಟ್‌ಕಟ್ಟಿನ ಬಾಲಕ್ಕೆ ‘ಸಿಪಿಯು ಕೌಂಟ್ 1’ ಎಂಬ ಮಂತ್ರ ಕಟ್ಟುತ್ತಾರೆ. ಎಂಟೆತ್ತು ಕೊಂಡು ಏಳನ್ನು ಗೂಟಕ್ಕೆ ಬಿಗಿಯುವ ಬೇಸಾಯ ಇದು. ಬಹುಕೋರವಾದ ಇಲ್ಲಿಗೆ ನಿರಸ್ತ.

ರ‍್ಯಾಮವಾದಿಗಳ ಗತಿಯೂ ಅಷ್ಟೇ. 32 ಬಿಟ್ಟಿನ ಈ ಆಟ ತಾನಾಗಿ 2 ಜಿಬಿ ದಾಟುವುದಿಲ್ಲ, ತೇಪೆ ಹಾಕಿದರೆ 4. ಗುಡಾಣ ಎಷ್ಟೇ ದೊಡ್ಡದಿರಲಿ, ಅದ್ದುವ ಚೊಂಬು ಅದೇ. ಇನ್ನು ಗ್ರಾಫಿಕ್ಸ್ ಕಾರ್ಡು: ಆಟದ ಬಳಿ ತನ್ನ ಕಾಲದ ಕಾರ್ಡುಗಳದೊಂದು ಪಟ್ಟಿ ಇದೆ. ಅದರಲ್ಲಿ ಹೆಸರಿಲ್ಲದ ಹೊಸ ಕಾರ್ಡನ್ನು ಎಷ್ಟೋ ಸಲ ಬಾಗಿಲಲ್ಲೇ ನಿಲ್ಲಿಸಿ, ಚಿತ್ರ ಬಿಡಿಸುವ ಕೆಲಸವನ್ನೂ ಅದೇ ಬಡ ಕೋರಿನ ಹೆಗಲಿಗೆ ಹಾಕುತ್ತದೆ. ಪಡಿತರ ಚೀಟಿಯಲ್ಲಿ ಹೆಸರಿಲ್ಲದ ಮೇಲೆ ಸಾಹುಕಾರನಾದರೇನು?

4. ಸಿದ್ಧಾಂತ

ಆದ್ದರಿಂದ ಸುಳಿಶುದ್ಧ ಮಡಿಲುಗಣಕದ ಲಕ್ಷಣ ಹೀಗಿದೆ. ಕೋರ್ ಎಷ್ಟು ಎನ್ನಬೇಡಿ, ಒಂದೊಂದರ ಓಟ ಎಷ್ಟು ಎನ್ನಿ. ಗಾಳಿಕಿಂಡಿ ಅಗಲವಾಗಿರಲಿ, ಬಿಸಿಯೇರಿದ ಕೋರ್ ತಾನೇ ವೇಗ ಇಳಿಸುತ್ತದೆ. ರ‍್ಯಾಮ್ 8 ಜಿಬಿ ಸಾಕು. ಹಳೆಯ ಸಿಡಿ ಇಟ್ಟುಕೊಂಡವರು ಅದನ್ನು ಹೊಲದಲ್ಲಿ ಹಕ್ಕಿ ಓಡಿಸಲು ಬಳಸಬಹುದು. ಅದರ ಕಳ್ಳಪ್ರತಿ ತಡೆಯುವ ಬೀಗವನ್ನು ವಿಂಡೋಸ್ 10 ಒಪ್ಪುವುದಿಲ್ಲ. ಡಿಜಿಟಲ್ ಪ್ರತಿಯನ್ನೇ ಕೊಳ್ಳಬೇಕು. ಬಣ್ಣದ ಲೈಟು ಕೊಂಬಿಗೆ ಕಟ್ಟಿದ ಟೇಪು, ಉಳುಮೆಗೆ ಸಂಬಂಧವಿಲ್ಲ.

5. ಪ್ರಯೋಗ

ಈ ಲಕ್ಷಣಗಳುಳ್ಳ ಒಂದು ಯಂತ್ರವನ್ನು ಕೊಂಡು ತಂದು ದೊಡ್ಡಬಳ್ಳಾಪುರದ ಮನೆಯಲ್ಲಿ ಪರೀಕ್ಷಿಸಲಾಯಿತು. ಪಕ್ಕದ ಮನೆಯಲ್ಲಿ ಪವರ್‌ಲೂಮ್ ಮಗ್ಗಗಳು ಟಕಟಕ ಬಡಿಯುತ್ತಿದ್ದವು. ಪರೀಕ್ಷಕರು ಪ್ರಬಂಧಕಾರನ ತಾತ, ಘಾಟಿ ಜಾತ್ರೆಯಲ್ಲಿ ನುರಿತವರು.

ಆಟದ ಅತಿದೊಡ್ಡ ಚೌಕ 4 ಕಿಲೋಮೀಟರ್ ಉದ್ದ, 4 ಕಿಲೋಮೀಟರ್ ಅಗಲ. ಅಂದರೆ 16 ಚದರ ಕಿಲೋಮೀಟರ್, ಸುಮಾರು 3,950 ಎಕರೆ. 2008ರ ಮೇ 24ರಂದು ಶುರುವಾದ ದೇವನಹಳ್ಳಿಯ ವಿಮಾನ ನಿಲ್ದಾಣದ ಜಾಗ ಸುಮಾರು 4,000 ಎಕರೆ. ಅದನ್ನು ಇದ್ದ ಅಳತೆಯಲ್ಲೇ ಇಟ್ಟರೆ ಚೌಕ ಭರ್ತಿ, ಊರಿಗೆ ಒಂದು ಗುಂಟೆಯೂ ಉಳಿಯದು.

ತಾತ ಕನ್ನಡಕ ಏರಿಸಿ ಪರದೆಗೆ ಬಗ್ಗಿದರು. ‘ಇದು ಯಾರ ಹೊಲಾನ್ಲಾ?’

‘ಯಾರದೂ ಅಲ್ಲ ತಾತ, ಖಾಲಿ.’

‘ಖಾಲಿ ಹೊಲ ನಾನೆಲ್ಲೂ ಕಂಡಿಲ್ಲ ಕಣ್ಲಾ.’

ಈ ಆಕ್ಷೇಪ ಶಾಸ್ತ್ರಸಮ್ಮತ. ಆಟದಲ್ಲಿ 1,777 ಎಕರೆಗೆ ಕೈಗಾರಿಕೆಯ ಹಳದಿ ಬಳಿಯಲು ಮೌಸಿನ ಒಂದೆರಡು ಎಳೆತ ಸಾಕು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಅಷ್ಟೇ ಎಕರೆಗೆ ಸರ್ಕಾರ ಬಣ್ಣ ಬಳಿಯಹೊರಟಾಗ ರೈತರು ಮೂರು ವರ್ಷಕ್ಕೂ ಮೇಲೆ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳೇ ಸ್ವಾಧೀನ ಕೈಬಿಟ್ಟೆವೆಂದು ಘೋಷಿಸಿದರು. ಎಳೆದ ಮೌಸನ್ನು ಹಿಂದಕ್ಕೆ ಎಳೆಸುವ ಈ ಸೌಲಭ್ಯ ಯಾವ ಲ್ಯಾಪ್‌ಟಾಪಿನಲ್ಲೂ ಲಭ್ಯವಿಲ್ಲ.

ಇತ್ತ ಪರದೆಯ ಊರಿನ ಜನಸಂಖ್ಯೆ ಲಕ್ಷ ದಾಟಿತು. ಬಸ್ಸುಗಳು ತೆವಳತೊಡಗಿದವು, ಫ್ಯಾನು ಬುಸುಗುಟ್ಟಿತು. ತಾತ ಯಂತ್ರದ ಹೊಟ್ಟೆಯಡಿಗೆ ಅಂಗೈ ಇಟ್ಟು, ಹೋರಿಯ ಜ್ವರ ನೋಡುವವರಂತೆ ಕಣ್ಣು ಮುಚ್ಚಿದರು.

‘ಮೈ ಕಾಯ್ದೈತೆ. ಒಳಗೆ ಎಷ್ಟೆತ್ತು ಅಂದೆ?’

‘ನಾಲ್ಕು.’

‘ದುಡೀತಿರೋದು?’

‘ಒಂದು.’

‘ಎತ್ತು ಬದಲಾಯಿಸಿ ಏನ್ಲಾ ಮಾಡ್ತೀಯ? ನೊಗ ಕಟ್ಟಿರೋದೇ ಸರಿಯಿಲ್ಲ.’

6. ಉಪಸಂಹಾರ

ತಾತನ ಈ ಸೂತ್ರಕ್ಕೆ ಭಾಷ್ಯ ಬರೆಯುವುದಷ್ಟೇ ಉಳಿದಿದೆ. ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯೂ ನಾಲ್ಕು ಕೋರಿನದೇ: ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ. ಭಾರವೆಲ್ಲ ಬೀಳುವುದು ಐದನೆಯದರ ಮೇಲೆ, ಅದು ಜಿಲ್ಲೆಯೊಳಗೇ ಇಲ್ಲ. 1986ರಲ್ಲಿ ಜಿಲ್ಲೆ ಹುಟ್ಟಿದರೂ ಅದರ ಜಿಲ್ಲಾಧಿಕಾರಿ ಕಚೇರಿ ದಶಕಗಟ್ಟಲೆ ಬೆಂಗಳೂರು ನಗರದಲ್ಲೇ ಇತ್ತು. ಒಂದು ಪಹಣಿ ತಕರಾರಿಗೂ ಹೆಬ್ಬಾಳ ದಾಟಬೇಕಿತ್ತು. 2025ರ ಜುಲೈಯಲ್ಲಿ ಸಚಿವ ಸಂಪುಟ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು ಒಪ್ಪಿತು. ಲ್ಯಾಪ್‌ಟಾಪಿನ ಸ್ಟಿಕ್ಕರ್ ಬದಲಿಸಿದರೆ ವೇಗ ಹೆಚ್ಚುವುದೇ ಎಂಬುದು ಮುಂದಿನ ಸಂಶೋಧಕರ ವಿಷಯ.

ಯಂತ್ರದ ಹೊಟ್ಟೆಗೆ ಗಾಳಿಯಾಡಲೆಂದು ಅಡಿಗೆ ಎರಡು ಬೆಂಕಿಪೊಟ್ಟಣ ಇಟ್ಟು, ಗೊಬ್ಬರ ಕೊಳ್ಳಲು ಹೊರಟ ತಾತನ ಜೊತೆ ಪ್ರಬಂಧಕಾರ ಬೆಂಗಳೂರಿನ ಬಸ್ ಹತ್ತಿದ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಬಸ್ಸು ನಿಂತಿತು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ತಾತ ಕಿಟಕಿಯಿಂದ ಕೈ ಚಾಚಿ ಬಸ್ಸಿನ ತಗಡು ಮುಟ್ಟಿ ನೋಡಿದರು.

‘ಇದಕ್ಕೂ ಜ್ವರ ಕಣ್ಲಾ’ ಎಂದರು. ‘ಬೆಂಕಿಪೊಟ್ಟಣ ಇನ್ನೆರಡು ಐತಾ?’