ಆರಂಭ ಪಂಡಿತರು

ನಮ್ಮ ಬೀದಿಯ ಮೇಷ್ಟ್ರಂಥವರು ಎಲ್ಲ ಬಡಾವಣೆಗಳಲ್ಲೂ ಒಬ್ಬೊಬ್ಬರಿರುತ್ತಾರೆ. ಜೇಬಿನಲ್ಲಿ ಕೆಂಪು ಪೆನ್ನು, ಕಪಾಟಿನಲ್ಲಿ ರಟ್ಟು ಕಿತ್ತ ರೆನ್ ಅಂಡ್ ಮಾರ್ಟಿನ್ ಇಂಗ್ಲಿಷ್ ವ್ಯಾಕರಣ. ಹೋಟೆಲಿನ ಬೋರ್ಡು, ಮದುವೆ ಕಾಗದ, ಶ್ರದ್ಧಾಂಜಲಿ ಬ್ಯಾನರು, ಯಾವುದನ್ನೂ ತಿದ್ದದೆ ಬಿಡರು. ನಮ್ಮವರದು ಇನ್ನೊಂದು ಹಟ: ಯಾವುದೇ ಕೆಲಸ ವ್ಯಾಕರಣಬದ್ಧವಾಗಿ ಶುರುವಾಗಬೇಕು.

ರಾಜ್ಯೋತ್ಸವಕ್ಕೆ, ಕನ್ನಡ ಬಾರದ ಬಾಡಿಗೆದಾರರಿಗೂ ತಿಳಿಯಲೆಂದು, ಸಂಘದ ಕಾರ್ಯದರ್ಶಿ ಇಂಗ್ಲಿಷಿನಲ್ಲೂ ಆಹ್ವಾನ ಬರೆದಿದ್ದರು: 'ಪ್ರೋಗ್ರಾಮ್ ಕಮೆನ್ಸಸ್ ಫ್ರಮ್ 6 ಪಿ.ಎಂ.' ಪ್ರೆಸ್ಸಿಗೆ ಒಯ್ಯುತ್ತಿದ್ದ ನಾನು ಮೇಷ್ಟ್ರ ಗೇಟಿನ ಮುಂದೆ ಸಿಕ್ಕಿಬಿದ್ದೆ.

"ಆರು ಗಂಟೆಯಿಂದ ಶುರುವಾದ್ರೆ ಏಳಕ್ಕೂ ಶುರುವಾಗ್ತಾನೇ ಇರುತ್ತೇನ್ರೀ?"

ನಮ್ಮ ಸಂಘದ ಕಾರ್ಯಕ್ರಮಗಳನ್ನು ಬಲ್ಲವನಾದ್ದರಿಂದ ಹೌದೆನ್ನಬೇಕೆನಿಸಿತು. ಗಂಟೆಗೆ 'ಅಟ್', ವಾರದ ದಿನಕ್ಕೆ 'ಆನ್'. ಕನ್ನಡದ 'ಇಂದ'ವನ್ನು ಹೊತ್ತೊಯ್ದು ಅಲ್ಲಿ 'ಫ್ರಮ್' ಎಂದು ಇಳಿಸಬಾರದು ಎಂದರು. 'ಬಿಗಿನ್' ಸಾಕಾಗುವ ಕಡೆ 'ಕಮೆನ್ಸ್' ಯಾಕೆ, ಇಂಗ್ಲಿಷ್ ಬಳಕೆಯ ಪಂಡಿತ ಫೌಲರ್ 1926ರಲ್ಲೇ ಹೇಳಿಲ್ವೇ ಎಂದರು. ಹಾಗಾದರೆ 'ಸ್ಟಾರ್ಟ್' ಎಂದು ಹಾಕಿಬಿಡೋಣ ಸಾರ್ ಎಂದೆ.

"ತಪ್ಪಲ್ಲ. ಆದ್ರೆ ಸ್ಕೂಟರು ಸ್ಟಾರ್ಟ್ ಆಗುತ್ತೆ, ಬಿಗಿನ್ ಆಗೋಲ್ಲ. ಯಾಕೆ ಹೇಳಿ ನೋಡೋಣ?"

ಯಾಕೆಂದು ಅವರು ಹೇಳಿ ಮುಗಿಸುವಷ್ಟರಲ್ಲಿ ಪ್ರೆಸ್ಸಿನವನು ಬಾಗಿಲು ಹಾಕಿಕೊಂಡು ಮನೆಗೆ ಹೋಗಿದ್ದ.

ಸಿಟ್ಟು ಬರುತ್ತದೆ, ನಿಜ. ಆದರೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ ಈ ಮನುಷ್ಯ ಮೊದಲ ಸಂದರ್ಶನದಲ್ಲಿ 'ಫ್ರಮ್ ಮಂಡೇ' ಎಂದಾಗ ಮೇಜಿನಾಚೆಯವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕಿದ್ದರಂತೆ. ಅದನ್ನು ಹೇಳುವಾಗ ಈಗಲೂ ಅವರ ಕಿವಿ ಕೆಂಪಾಗುತ್ತದೆ. ಬೀದಿಯ ಯಾವ ಹುಡುಗ ಸಂದರ್ಶನಕ್ಕೆ ಹೊರಟರೂ ಹಿಂದಿನ ಸಂಜೆ ಜಗಲಿಯಲ್ಲಿ ಕೂರಿಸಿಕೊಂಡು ತಿದ್ದುತ್ತಾರೆ. ದುಡ್ಡು ಕೇಳರು, ಮೇಲೆ ಚುರುಮುರಿಯನ್ನೂ ಕೊಡುತ್ತಾರೆ. ನನ್ನ ಮಗನೂ ತಿಂದಿದ್ದಾನೆ. ಹಾಗಾಗಿ ನಾನು ಹೆಚ್ಚು ಮಾತಾಡುವಂತಿಲ್ಲ.

ಅವರ ಬಾಯಿ ಕಟ್ಟುವ ಉಪಾಯವೆಂದು ಉದ್ಘಾಟನೆಗೆ ಅವರನ್ನೇ ಕರೆದೆವು. ಈ ಬುದ್ಧಿ ಯಾರಿಗೆ ಹೊಳೆಯಿತೆಂದು ಸಂಘದಲ್ಲಿ ಇನ್ನೂ ವಿಚಾರಣೆ ನಡೆದಿದೆ. 'ಟು ಬಿಗಿನ್ ವಿತ್' ಎಂದವನು ಎರಡನೆಯ ಅಂಶದ ಸಾಲಗಾರ ಎಂದು ನನಗೆ ಪಾಠ ಹೇಳಿದ್ದ ಮೇಷ್ಟ್ರು, ದೀಪ ಹಚ್ಚಿ, ಮೈಕು ಹಿಡಿದು, ಅಚ್ಚಗನ್ನಡದಲ್ಲಿ "ಮೊದಲನೆಯದಾಗಿ" ಎಂದರು. ಮುಕ್ಕಾಲು ಗಂಟೆಯಾದರೂ ಮೊದಲನೆಯದೇ ನಡೆದಿತ್ತು. ಭುವನೇಶ್ವರಿ ವೇಷದ ಹುಡುಗಿ ಕಿರೀಟ ಕಳಚಿ ಅಮ್ಮನ ಕೈಗಿತ್ತು ಇಡ್ಲಿ ತಿನ್ನಲು ಹೋದಳು. ಕಾರ್ಯದರ್ಶಿ ನನ್ನ ಕಿವಿಯಲ್ಲಿ, "ನಾನು ಬರೆದಿದ್ದ 'ಫ್ರಮ್'ನಲ್ಲಿ ಏನ್ರೀ ತಪ್ಪಿತ್ತು?" ಎಂದರು.